ಗಾಳಿಯ ಮೇಲೆ ಕುಳಿತ ಮನೆ



ಐರಾವತ ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗ ‘ಉಸ್ಸ್’ ಎಂದು ಉಸಿರು ಬಿಡುವುದನ್ನು ನೀವು ಕೇಳಿರಬಹುದು. ಆ ಸದ್ದಿನ ಒಂದು ಪಾಲು ಬ್ರೇಕಿನದು. ಇನ್ನೊಂದು ಪಾಲು, ಬಸ್ಸಿನ ಅಡಿಯಲ್ಲಿ ಚಕ್ರಗಳ ಬಳಿ ಕುಳಿತಿರುವ ದಪ್ಪ ರಬ್ಬರ್ ಚೀಲಗಳದ್ದು. ಸಾಮಾನ್ಯ ಬಸ್ಸನ್ನು ಉಕ್ಕಿನ ಕಮಾನು ಪಟ್ಟಿಗಳು ಹೊತ್ತಿರುತ್ತವೆ. ಐರಾವತವನ್ನು ಹೊತ್ತಿರುವುದು ಈ ಚೀಲಗಳೊಳಗೆ ಅದುಮಿಟ್ಟ ಗಾಳಿ. ಗ್ಯಾರೇಜಿನವರು ಇದನ್ನು ‘ಏರ್ ಬೆಲ್ಲೋ’ ಎನ್ನುತ್ತಾರೆ. ನಾವು ಇಲ್ಲಿ ಗಾಳಿಚೀಲ ಎಂದೇ ಕರೆಯೋಣ.

ಗಾಳಿಯ ಮೇಲೆ ಕುಳಿತು ಪ್ರಯಾಣ ಮಾಡುವುದು ಸುಖವೇನೋ ಹೌದು. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ನಲವತ್ತು ಐವತ್ತು ವರ್ಷಗಳ ಹಳೆಯ ವಾಹನವೊಂದು ಇನ್ನೂ ಓಡಬೇಕೆಂದರೆ ಈ ಚೀಲಗಳನ್ನು ಬದಲಾಯಿಸಬೇಕು, ಸಾಧ್ಯವಾದರೆ ಮೊದಲಿಗಿಂತ ಚೆನ್ನಾಗಿ ಕೂರಿಸಬೇಕು. ‘ಚೆನ್ನಾಗಿ’ ಎಂದರೇನು? ಇನ್ನಷ್ಟು ಗಾಳಿ ತುಂಬುವುದೇ? ಹಾಗೆಂದುಕೊಂಡು ಹಣ ಕಳೆದುಕೊಂಡವರು ಅನೇಕರು. ಪರದೆಯ ಮೇಲಿನ ಮಾತುಕತೆಯಲ್ಲಿ ಲೆಕ್ಕಗಳಿಗೆ ಸಮಯ ಸಿಗುವುದು ಕಡಿಮೆ. ಆದ್ದರಿಂದ ಈ ಪುಟಗಳಲ್ಲಿ ಕಾಗದ ಪೆನ್ಸಿಲು ಹಿಡಿದುಕೊಂಡೇ ಮುಂದುವರಿಯೋಣ.

ಮೊದಲು ಒಂದು ಪ್ರಯೋಗ. ಔಷಧಿ ಅಂಗಡಿಯಲ್ಲಿ ಸಿಗುವ, ಸೂಜಿ ಇಲ್ಲದ ಎರಡು ದೊಡ್ಡ ಸಿರಿಂಜುಗಳನ್ನು ತನ್ನಿ. ಎರಡರ ಮೂತಿಗಳನ್ನೂ ಒಂದು ತೆಳು ರಬ್ಬರ್ ಕೊಳವೆಯಿಂದ ಸೇರಿಸಿ. ಒಂದು ಸಿರಿಂಜನ್ನು ನೆಟ್ಟಗೆ ನಿಲ್ಲಿಸಿ, ಗೆಳೆಯರೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ, ಅದರ ದಂಡದ ಮೇಲೆ ಒಂದು ದಪ್ಪ ಪುಸ್ತಕ ಇಡಿ. ಇನ್ನೊಂದರ ದಂಡವನ್ನು ನೀವು ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿ. ಮೊದಮೊದಲು ಹೆಬ್ಬೆರಳಿಗೆ ತಗಲುವ ಎದುರೊತ್ತು ಏರುತ್ತಾ ಹೋಗುತ್ತದೆ. ಪುಸ್ತಕ ಮೇಲೇಳಲು ಆರಂಭಿಸಿದ ಮೇಲೆ ಆ ಎದುರೊತ್ತು ಏರುವುದಿಲ್ಲ. ನೀವು ಇನ್ನಷ್ಟು ಗಾಳಿ ದೂಡಿದರೆ ಪುಸ್ತಕ ಇನ್ನಷ್ಟು ಮೇಲೇರುತ್ತದೆ, ಅಷ್ಟೆ. ಒತ್ತಡ ಏರಬೇಕಾದರೆ ಇನ್ನೊಂದು ಪುಸ್ತಕ ಇಡಬೇಕು.

ಗಾಳಿಚೀಲದ ಗುಟ್ಟು ಇದೇ. ಚೀಲದೊಳಗಿನ ಒತ್ತಡವನ್ನು ನಿರ್ಧರಿಸುವುದು ಚಾಲಕನಲ್ಲ, ಮೇಲಿರುವ ಭಾರ. ಭಾರವನ್ನು ಚೀಲದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. 1800 ಕಿಲೋಗ್ರಾಂ ಭಾರವನ್ನು 300 ಚದರ ಸೆಂಟಿಮೀಟರ್ ವಿಸ್ತೀರ್ಣದ ಚೀಲ ಹೊತ್ತಿದ್ದರೆ, ಒತ್ತಡ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ. ಪಂಪಿನಿಂದ ಗಾಳಿ ತುಂಬಿದರೆ ವಾಹನ ಮೇಲೇಳುತ್ತದೆ, ಒತ್ತಡಮಾಪಕದ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಚೀಲ ಉದ್ದವಾದಂತೆ ಅದರ ವಿಸ್ತೀರ್ಣ ತುಸು ಬದಲಾಗುವುದರಿಂದ ‘ಹೆಚ್ಚುಕಡಿಮೆ’ ಎಂದೆ. ಕಾರಿನ ಟೈರಿನಲ್ಲಿ ಒತ್ತಡವನ್ನು ನಾವು ಆರಿಸುತ್ತೇವೆ, ಗಾಳಿಚೀಲದಲ್ಲಿ ಎತ್ತರವನ್ನು ಆರಿಸುತ್ತೇವೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಈಗ ನಮ್ಮ ಉದಾಹರಣೆಗೆ ಬರೋಣ. ಅಮೆರಿಕದಲ್ಲಿ ಕುಟುಂಬಗಳು ಮನೆಯಂತಹ ವಾಹನದಲ್ಲೇ ಊರೂರು ಸುತ್ತುವ ರೂಢಿ ಹಳೆಯದು. ಅಡುಗೆ ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲವೂ ಇರುವ ಈ ವಾಹನಕ್ಕೆ ಮೋಟಾರ್ ಹೋಮ್ ಎಂದು ಹೆಸರು. ಇವುಗಳಲ್ಲಿ ಬಹುಪಾಲು ಲಾರಿಯ ಚಾಸಿಯ ಮೇಲೆ ಕಟ್ಟಿದ ಪೆಟ್ಟಿಗೆಗಳು. ಆದರೆ ಜನರಲ್ ಮೋಟಾರ್ಸ್ ಸಂಸ್ಥೆ ಮಿಷಿಗನ್ ರಾಜ್ಯದ ಪಾಂಟಿಯಾಕ್ ನಗರದಲ್ಲಿ 1973ರಿಂದ 1978ರವರೆಗೆ ತಯಾರಿಸಿದ ಜಿ.ಎಂ.ಸಿ. ಮೋಟಾರ್ ಹೋಮ್ ಹಾಗಲ್ಲ. ಅದನ್ನು ಮೊದಲ ಗೆರೆಯಿಂದಲೇ ಮನೆಯಾಗಿ ಚಿತ್ರಿಸಿದ್ದರು. 23 ಅಡಿ ಮತ್ತು 26 ಅಡಿ ಉದ್ದದ ಎರಡು ಮಾದರಿಗಳು. ಒಟ್ಟು ಹೊರಬಂದದ್ದು 13 ಸಾವಿರಕ್ಕೂ ತುಸು ಕಡಿಮೆ. ಅವುಗಳಲ್ಲಿ ಬಹಳಷ್ಟು ಇಂದಿಗೂ ರಸ್ತೆಯ ಮೇಲಿವೆ, ಒಡೆಯರು ಅವನ್ನು ಹಳೆಯ ವೀಣೆಯಂತೆ ಜೋಪಾನ ಮಾಡುತ್ತಾರೆ. 1981ರ ‘ಸ್ಟ್ರೈಪ್ಸ್’ ಎಂಬ ಹಾಲಿವುಡ್ ಹಾಸ್ಯಚಿತ್ರದಲ್ಲಿ ಯುದ್ಧವಾಹನದ ವೇಷ ತೊಟ್ಟು ಬಂದದ್ದೂ ಇದೇ ಗಾಡಿ.

ಇದರ ಎಂಜಿನ್ನು ಓಲ್ಡ್ಸ್‌ಮೊಬೈಲ್ ಟೊರೊನಾಡೊ ಎಂಬ ಕಾರಿನಿಂದ ಬಂದದ್ದು. ಅದು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ದಂಡವೇ ಬೇಕಿಲ್ಲ. ಅಡ್ಡಲಾಗಿ ಹಾದುಹೋಗುವ ಹಿಂದಿನ ಅಚ್ಚೂ ಬೇಕಿಲ್ಲ. ಹಾಗಾಗಿ ಮನೆಯ ನೆಲವನ್ನು ರಸ್ತೆಯಿಂದ ಒಂದು ಅಡಿಗಿಂತ ಸ್ವಲ್ಪವೇ ಮೇಲೆ ಇಡಲು ಸಾಧ್ಯವಾಯಿತು. ಒಂದೇ ಮೆಟ್ಟಿಲು ಹತ್ತಿದರೆ ಮನೆಯೊಳಗೆ!

ಹಿಂದೆ ಪ್ರತಿ ಬದಿಗೆ ಎರಡು ಚಕ್ರಗಳು, ಒಂದರ ಹಿಂದೆ ಒಂದು. ಎರಡು ಚಕ್ರಗಳ ನಡುವೆ ಚಾಸಿಗೆ ಬಿಗಿದ ಒಂದು ಆಧಾರ. ಅಲ್ಲಿಂದ ಒಂದು ತೋಳು ಮುಂದಕ್ಕೆ ಚಾಚಿ ಮುಂಚಕ್ರವನ್ನು ಹಿಡಿದಿದೆ, ಇನ್ನೊಂದು ಹಿಂದಕ್ಕೆ ಚಾಚಿ ಹಿಂಚಕ್ರವನ್ನು ಹಿಡಿದಿದೆ. ಪ್ರತಿ ತೋಳಿನ ಬುಡದಿಂದ ಒಂದು ಗಿಡ್ಡ ಕೊಂಬು ಮೇಲಕ್ಕೆ ಎದ್ದಿದೆ. ಈ ಎರಡು ಕೊಂಬುಗಳ ನಡುವೆ ಅಡ್ಡಲಾಗಿ ಮಲಗಿರುವುದೇ ಗಾಳಿಚೀಲ. ಚಕ್ರ ಉಬ್ಬಿನ ಮೇಲೆ ಹತ್ತಿದರೆ ತೋಳು ಮೇಲೇಳುತ್ತದೆ, ಕೊಂಬು ಒಳಕ್ಕೆ ಬಾಗಿ ಚೀಲವನ್ನು ಹಿಸುಕುತ್ತದೆ. ಎರಡು ಚಕ್ರಗಳಿಗೆ ಒಂದೇ ಚೀಲ, ಇಡೀ ವಾಹನದ ಹಿಂಭಾಗಕ್ಕೆ ಎರಡೇ ಚೀಲ! ಎಷ್ಟು ಮಿತವ್ಯಯದ ವಿನ್ಯಾಸ ನೋಡಿ. ಮುಂಚಕ್ರ ಉಬ್ಬು ಹತ್ತಿ ಚೀಲವನ್ನು ಹಿಸುಕಿದರೆ ಅದೇ ಒತ್ತಡ ಹಿಂಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಭಾರ ತಾನೇ ಸಮನಾಗಿ ಹಂಚಿಕೊಳ್ಳುತ್ತದೆ.

ಇದು ಜನರಲ್ ಮೋಟಾರ್ಸ್‌ಗೆ ಹೊಸ ವಿದ್ಯೆಯಾಗಿರಲಿಲ್ಲ. 1953ರಲ್ಲೇ ಅದು ಪಿ.ಡಿ.-4104 ಎಂಬ ದೂರಪ್ರಯಾಣದ ಬಸ್ಸನ್ನು ಗಾಳಿಚೀಲಗಳ ಮೇಲೆ ಕೂರಿಸಿತ್ತು, ಅದು ಚೆನ್ನಾಗಿಯೇ ಓಡಿತು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಮ್ ಎಂಬ ದುಬಾರಿ ಕಾರಿಗೂ ಗಾಳಿಯ ಆಧಾರ ಕೊಟ್ಟಿತು. ಅಲ್ಲಿ ಮಾತ್ರ ಸೋರಿಕೆಯ ಕಾಟ ತಪ್ಪಲಿಲ್ಲ. ಅನೇಕ ಒಡೆಯರು ಬೇಸತ್ತು ಸುರುಳಿ ಸ್ಪ್ರಿಂಗ್ ಹಾಕಿಸಿಕೊಂಡರು. ಕಾರಿನ ಭಾರ ಅಷ್ಟಾಗಿ ಬದಲಾಗುವುದಿಲ್ಲ, ಆದ್ದರಿಂದ ಉಕ್ಕು ಸಾಕಾಗುತ್ತದೆ. ಬಸ್ಸಿಗೂ ಚಲಿಸುವ ಮನೆಗೂ ಗಾಳಿ ಏಕೆ ಹೊಂದುತ್ತದೆ ಎಂಬುದನ್ನು ಕೊಂಚ ಆಳವಾಗಿ ನೋಡಬೇಕು.

ನಿಮ್ಮ ಭೌತಶಾಸ್ತ್ರ ಪಾಠದಲ್ಲಿ ಸ್ಪ್ರಿಂಗಿಗೆ ತೂಗುಹಾಕಿದ ಭಾರದ ಆಂದೋಲನ ಬರುತ್ತದೆ. ಸ್ಪ್ರಿಂಗಿನ ಬಿಗಿತವನ್ನು ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಆವೃತ್ತಿಯ ಸುಳಿವು ಸಿಗುತ್ತದೆ. ಉಕ್ಕಿನ ಬಿಗಿತ ಸ್ಥಿರವಾದದ್ದು. ತುಂಬಿದ ಬಸ್ಸಿಗೆ ಸರಿಯಾಗುವಂತೆ ಕಮಾನು ಪಟ್ಟಿ ಹಾಕಿದರೆ, ಖಾಲಿ ಬಸ್ಸಿಗೆ ಅದು ತೀರಾ ಬಿಗಿ. ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತವರ ಸೊಂಟ ಇದಕ್ಕೆ ಸಾಕ್ಷಿ. ಗಾಳಿಚೀಲದಲ್ಲಿ ಭಾರ ಹೆಚ್ಚಿದರೆ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದರೆ ಬಿಗಿತವೂ ಹೆಚ್ಚುತ್ತದೆ. ಎತ್ತರವನ್ನು ಮೊದಲಿದ್ದಲ್ಲಿಗೇ ತಂದರೆ ಬಿಗಿತ ಮತ್ತು ದ್ರವ್ಯರಾಶಿ ಒಟ್ಟಿಗೆ ಏರಿರುತ್ತವೆ, ಆವೃತ್ತಿ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಖಾಲಿ ಇದ್ದಾಗಲೂ ತುಂಬಿದಾಗಲೂ ಒಂದೇ ನಡೆ.

ಹಾಗಾದರೆ ಆ ಆವೃತ್ತಿಯನ್ನು ತೀರ್ಮಾನಿಸುವುದು ಯಾವುದು? ಮುಖ್ಯವಾಗಿ ಭಾರದ ಕೆಳಗಿರುವ ಗಾಳಿಯ ಕಂಬದ ಎತ್ತರ, ಅಂದರೆ ಗಾಳಿಯ ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. ನೇರವಾಗಿ ನಿಂತ ಚೀಲವೊಂದರಲ್ಲಿ ಇದು 25 ಸೆಂಟಿಮೀಟರ್ ಎಂದುಕೊಳ್ಳಿ. ಮಾಪಕದ ಒತ್ತಡ 5 ಇದ್ದರೆ, ಹೊರಗಿನ ವಾತಾವರಣದ 1 ಸೇರಿ ನಿಜವಾದ ಒತ್ತಡ 6. ವೇಗವಾಗಿ ಹಿಸುಕಿದ ಗಾಳಿ ಬಿಸಿಯೇರಿ ಇನ್ನಷ್ಟು ಬಿಗಿಯಾಗುತ್ತದೆ. ಅದಕ್ಕಾಗಿ ಸುಮಾರು 1.4ರಿಂದ ಗುಣಿಸಬೇಕು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1.3 ಆಂದೋಲನ ಬರುತ್ತದೆ. ಇದು ಮನುಷ್ಯರಿಗೆ ಹಿತವಾದ ತೂಗಾಟ. ಈ ಚೀಲಕ್ಕೆ ಅಷ್ಟೇ ಗಾತ್ರದ ಒಂದು ಗಾಳಿತೊಟ್ಟಿಯನ್ನು ಅಗಲವಾದ ಕೊಳವೆಯಿಂದ ಜೋಡಿಸಿದರೆ ಆವೃತ್ತಿ 0.9ಕ್ಕೆ ಇಳಿಯುತ್ತದೆ. ಭಾರ ಬದಲಾಗಲಿಲ್ಲ, ಒತ್ತಡ ಬದಲಾಗಲಿಲ್ಲ, ನಡೆ ಮೃದುವಾಯಿತು. ಮೃದುವಾದ ನಡೆ ಬೇಕೆಂದು ಗಾಳಿ ಬಿಟ್ಟು ವಾಹನವನ್ನು ಕುಗ್ಗಿಸುವವರು ಮಾಡುವುದು ಇದಕ್ಕೆ ತದ್ವಿರುದ್ಧ. ಚೀಲ ಗಿಡ್ಡವಾಗಿ ಗಾಳಿಯ ಕಂಬ ಕುಗ್ಗುತ್ತದೆ, ನಡೆ ಇನ್ನಷ್ಟು ಒರಟಾಗುತ್ತದೆ!

ಜಿ.ಎಂ.ಸಿ. ಮೋಟಾರ್ ಹೋಮ್ ಒಡೆಯರು ಮಾಡಿಸುವ ದೊಡ್ಡ ಸುಧಾರಣೆ ಎಂದರೆ ಎರಡು ಚೀಲಗಳ ಜಾಗದಲ್ಲಿ ನಾಲ್ಕು ಚೀಲ, ಚಕ್ರಕ್ಕೊಂದರಂತೆ. ಕಾರಣ ಸುಖವಲ್ಲ, ಸುರಕ್ಷೆ. ಒಂದೇ ಚೀಲ ಎರಡು ಚಕ್ರಗಳನ್ನು ಆಳುತ್ತಿರುವಾಗ ಅದು ಹೆದ್ದಾರಿಯಲ್ಲಿ ಒಡೆದರೆ ಆ ಬದಿಯ ಎರಡೂ ಚಕ್ರಗಳ ಆಧಾರ ಏಕಕಾಲಕ್ಕೆ ತಪ್ಪುತ್ತದೆ. ಐದು ಟನ್ನಿನ ಮನೆ, ಒಳಗೆ ಮಕ್ಕಳು, ಒಂದು ಬದಿಗೆ ಕುಸಿಯುತ್ತದೆ. ನಾಲ್ಕು ಚೀಲಗಳಿದ್ದರೆ, ಪ್ರತಿಯೊಂದಕ್ಕೂ ಬೇರೆ ಕವಾಟವಿದ್ದರೆ, ಒಡೆದದ್ದನ್ನು ಮುಚ್ಚಿ ಉಳಿದ ಚಕ್ರದ ಮೇಲೆ ನಿಧಾನವಾಗಿ ಹತ್ತಿರದ ಊರು ಸೇರಬಹುದು. ನಿಧಾನವಾಗಿ ಎಂಬುದು ಮುಖ್ಯ. ಆ ಒಂದು ಟೈರು ಈಗ ಇಬ್ಬರ ಕೆಲಸ ಮಾಡುತ್ತಿರುತ್ತದೆ.

ಇಲ್ಲಿ ನಿಮಗೊಂದು ಪ್ರಶ್ನೆ. ಪ್ರತಿ ಚಕ್ರದ ಮೇಲೆ 900 ಕಿಲೋಗ್ರಾಂ ಭಾರವಿದೆ, ತೋಳು ಕೊಂಬಿನ ಎರಡರಷ್ಟು ಉದ್ದವಿದೆ ಎಂದಿಟ್ಟುಕೊಳ್ಳೋಣ. ಸನ್ನೆಕೋಲಿನ ನಿಯಮದಂತೆ ಪ್ರತಿ ಕೊಂಬು ಚೀಲವನ್ನು 1800 ಕಿಲೋಗ್ರಾಂ ಬಲದಿಂದ ಒತ್ತುತ್ತದೆ. ಈಗ ಆ ಒಂದು ಚೀಲ ತೆಗೆದು, ನಡುವೆ ಚಾಸಿಗೆ ಬಿಗಿದ ಒಂದು ಉಕ್ಕಿನ ಹಲಗೆ ನಿಲ್ಲಿಸಿ, ಅದರ ಎರಡು ಕಡೆ ಅಷ್ಟೇ ವಿಸ್ತೀರ್ಣದ ಎರಡು ಚೀಲ ಕೂರಿಸಿದೆವು. ಒಂದೊಂದು ಚೀಲದ ಒತ್ತಡ ಎಷ್ಟಾಯಿತು? ಎರಡು ಚೀಲಗಳು ಹಂಚಿಕೊಂಡವು, ಅರ್ಧವಾಯಿತು ಎಂದು ಬಹುಮಂದಿ ಹೇಳುತ್ತಾರೆ. ಅದು ತಪ್ಪು. ಮೊದಲು ಒಂದು ಕೊಂಬಿನ ಒತ್ತಿಗೆ ಎದುರಾಗಿ ನಿಂತದ್ದು ಇನ್ನೊಂದು ಕೊಂಬು, ಈಗ ಎದುರಾಗಿ ನಿಂತದ್ದು ಹಲಗೆ. ಪ್ರತಿ ಚೀಲದ ಮೇಲೂ 1800 ಕಿಲೋಗ್ರಾಂ ಬಲವೇ ಇದೆ, ಒತ್ತಡವೂ ಹಿಂದಿನ 6 ಕಿಲೋಗ್ರಾಮೇ. ಹಗ್ಗಜಗ್ಗಾಟದಲ್ಲಿ ಒಂದು ತಂಡವನ್ನು ಕಳಿಸಿ ಹಗ್ಗದ ಆ ತುದಿಯನ್ನು ಮರಕ್ಕೆ ಕಟ್ಟಿದರೆ ಹಗ್ಗದ ಬಿಗಿ ಬದಲಾಗುವುದಿಲ್ಲ ತಾನೆ? ನ್ಯೂಟನ್ನನ ಮೂರನೆಯ ನಿಯಮ ಗ್ಯಾರೇಜಿಗೂ ಅನ್ವಯಿಸುತ್ತದೆ. ಒತ್ತಡ ಇಳಿಯಬೇಕೆಂದರೆ ಚೀಲದ ವಿಸ್ತೀರ್ಣ ಹೆಚ್ಚಬೇಕು, ಇಲ್ಲವೇ ಚೀಲವನ್ನು ಕೀಲಿನಿಂದ ಇನ್ನೂ ದೂರದಲ್ಲಿ, ಉದ್ದನೆಯ ಸನ್ನೆಯ ಮೇಲೆ ಕೂರಿಸಬೇಕು.

ಆ ನಡುವಿನ ಹಲಗೆಯ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಅಪಾಯ ಅಡಗಿರುವುದು ಅಲ್ಲೇ. ಎರಡೂ ಚೀಲಗಳು ಸರಿಯಿರುವಾಗ ಎರಡು ಕಡೆಯ ಒತ್ತು ಸರಿಸಮ. ಹಲಗೆಗೆ ಏನೂ ಕೆಲಸವಿಲ್ಲ. ತಗಡಿನಷ್ಟು ತೆಳುವಾಗಿದ್ದರೂ ನಿಲ್ಲುತ್ತದೆ, ನೋಡಲೂ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ಚೀಲ ಒಡೆದ ಗಳಿಗೆಯಲ್ಲಿ ಪೂರಾ 1800 ಕಿಲೋಗ್ರಾಂ ಒಂದೇ ಕಡೆಯಿಂದ ಬೀಳುತ್ತದೆ. ವೆಲ್ಡಿಂಗ್ ಬಿಟ್ಟುಕೊಂಡರೆ ನಾಲ್ಕು ಚೀಲಗಳ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಆದ್ದರಿಂದ ಆಧಾರದ ಉಕ್ಕನ್ನು ದಿನನಿತ್ಯದ ಭಾರಕ್ಕಲ್ಲ, ಆ ಒಂದು ಕೆಟ್ಟ ಗಳಿಗೆಗೆ ಲೆಕ್ಕ ಹಾಕಬೇಕು. ಹಳೆಯ ಚಾಸಿಗೆ ತುಕ್ಕು ಹಿಡಿದಿದ್ದರೆ ಹೊಸ ಚೀಲಗಳಿಗೆ ಹಣ ಸುರಿಯುವ ಮೊದಲು ಚಾಸಿಯನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರೇಕಿನ ವಿಷಯದಲ್ಲಿ ಗಾಳಿಚೀಲ ಸಹಾಯಕ್ಕೆ ಬರುವುದಿಲ್ಲ. ಬ್ರೇಕು ಹಿಡಿದಾಗ ರಸ್ತೆ ಟೈರನ್ನು ಹಿಂದಕ್ಕೆ ಎಳೆಯುತ್ತದೆ. ಬ್ರೇಕು ಚಕ್ರವನ್ನು ತೋಳಿಗೆ ಕಟ್ಟಿಹಾಕಿದಂತೆ ಆಗಿರುವುದರಿಂದ ಆ ಎಳೆತ ತೋಳನ್ನೂ ತಿರುಗಿಸಲು ನೋಡುತ್ತದೆ. ಒಂದು ಚಿತ್ರ ಬರೆದು ನೋಡಿ. ಮುಂದಕ್ಕೆ ಚಾಚಿದ ತೋಳಿನ ಚಕ್ರ ನೆಲಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ, ಹಿಂದಕ್ಕೆ ಚಾಚಿದ ತೋಳಿನ ಚಕ್ರ ನೆಲದಿಂದ ಮೇಲೇಳಲು ಹವಣಿಸುತ್ತದೆ. ಹಗುರಾದ ಚಕ್ರ ಬೇಗ ಕಚ್ಚಿ ಜಾರುತ್ತದೆ. ಇದಕ್ಕೆ ಮದ್ದು ಬ್ರೇಕಿನ ತಿರುಚುಬಲವನ್ನು ತೋಳಿಗೆ ಬಿಡದೆ, ಬೇರೊಂದು ಸರಳಿನ ಮೂಲಕ ನೇರ ಚಾಸಿಗೆ ಒಯ್ಯುವುದು. ಕೆಲವರು ಅದನ್ನೂ ಮಾಡಿಸುತ್ತಾರೆ. ಅದು ಬೇರೆಯೇ ಕೆಲಸ, ಬೇರೆಯೇ ಖರ್ಚು. ಚೀಲ ಬದಲಾಯಿಸಿದ್ದರಿಂದ ಬ್ರೇಕು ಸುಧಾರಿಸಿತು ಎಂದು ಯಾರಾದರೂ ಹೇಳಿದರೆ ಹೇಗೆಂದು ಕೇಳಿ. ಹಾಗೆಯೇ, ಗಾಳಿಚೀಲ ಪುಟಿಯುತ್ತದೆಯೇ ಹೊರತು ಪುಟಿತವನ್ನು ನಿಲ್ಲಿಸುವುದಿಲ್ಲ. ಅದು ಷಾಕ್ ಅಬ್ಸಾರ್ಬರಿನ ಕೆಲಸ. ಹಳೆಯ ಷಾಕ್ ಅಬ್ಸಾರ್ಬರ್ ಉಳಿಸಿಕೊಂಡು ಚೀಲ ಮಾತ್ರ ಹೊಸದು ಹಾಕಿಸಿದ ಮನೆ ಉಬ್ಬು ದಾಟಿದ ಮೇಲೂ ದೋಣಿಯಂತೆ ತೂಗುತ್ತಲೇ ಇರುತ್ತದೆ.

ಎತ್ತರವನ್ನು ನಾವು ಆರಿಸುತ್ತೇವೆ ಎಂದೆನಲ್ಲ. ಹಾಗಾದರೆ ಎಷ್ಟು ಎತ್ತರ? ತಯಾರಕರು ಗೊತ್ತುಮಾಡಿದಷ್ಟು. ಹಿಂಭಾಗವನ್ನು ಅಂದಕ್ಕೆಂದು ಎತ್ತಿದರೆ ಇಡೀ ವಾಹನ ಮೂಗು ತಗ್ಗಿಸುತ್ತದೆ. ಮುಂದಿನ ಚಕ್ರ ತಿರುಗುವ ಕೀಲಿನ ಓಟವೂ ಅದರೊಂದಿಗೆ ಬದಲಾಗುತ್ತದೆ. ತಿರುವಿನಿಂದ ಹೊರಬಂದಾಗ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಂದುತ್ತದೆ, ಚಾಲಕ ದಾರಿಯುದ್ದಕ್ಕೂ ಚಕ್ರ ತಿದ್ದುತ್ತಲೇ ಇರಬೇಕಾಗುತ್ತದೆ. ಹಿಂದಿನ ಚೀಲ ಮುಂದಿನ ಚಕ್ರವನ್ನು ಕೆಡಿಸುವುದು ಹೀಗೆ. ಅದಕ್ಕಾಗಿಯೇ ಎತ್ತರ ಕಾಯುವ ಕವಾಟ ಇರುತ್ತದೆ. ಭಾರ ಹೆಚ್ಚಿ ವಾಹನ ಕುಗ್ಗಿದರೆ ಅದು ಗಾಳಿ ಒಳಬಿಡುತ್ತದೆ, ಹಗುರಾಗಿ ಎದ್ದರೆ ಹೊರಬಿಡುತ್ತದೆ. ಜಿ.ಎಂ.ಸಿ. ಗಾಡಿಯಲ್ಲಿ ಚಾಲಕನ ಬಳಿ ಗುಂಡಿಗಳೂ ಇದ್ದವು. ತಂಗುವ ಜಾಗದಲ್ಲಿ ನೆಲ ಓರೆಯಾಗಿದ್ದರೆ ಎಡ ಬಲಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಿ ಮನೆಯನ್ನು ಮಟ್ಟ ಮಾಡಿಕೊಳ್ಳಬಹುದಿತ್ತು. ಇದು ಬರೀ ನಿದ್ದೆಯ ಅನುಕೂಲವಲ್ಲ. ಇಂತಹ ಮನೆಗಳಲ್ಲಿ ಗ್ಯಾಸಿನ ಉರಿಯಿಂದ ನಡೆಯುವ ಫ್ರಿಜ್ಜುಗಳಿರುತ್ತವೆ. ಅವುಗಳೊಳಗೆ ಅಮೋನಿಯಾ ದ್ರಾವಣ ತನ್ನ ತೂಕದಿಂದಲೇ ಹರಿದು ಸುತ್ತಬೇಕು. ತೀರಾ ಓರೆಯಾಗಿ ನಿಲ್ಲಿಸಿದರೆ ದ್ರಾವಣ ಅಲ್ಲಲ್ಲೇ ನಿಂತು ಫ್ರಿಜ್ಜು ಕೆಡುತ್ತದೆ.

ಸುಧಾರಣೆ ಮಾಡಿಸುವವರು ಹಳೆಯ ಪಂಪಿನ ಜಾಗದಲ್ಲಿ ಹೊಸ ವಿದ್ಯುತ್ ಕಂಪ್ರೆಸರ್, ಹೊಸ ನೈಲಾನ್ ಕೊಳವೆಗಳನ್ನು ಹಾಕಿಸುವುದು ಸಾಮಾನ್ಯ. ಹಿಸುಕಿದ ಗಾಳಿಯಿಂದ ನೀರು ಇಳಿಯುತ್ತದೆ. ಅದು ಕವಾಟಗಳಿಗೆ ಹೋಗದಂತೆ ನೀರು ಹಿಡಿಯುವ ಡಬ್ಬಿಯೂ ಬೇಕು. ಕೆಲಸ ಮುಗಿದ ಮೇಲೆ ಪ್ರತಿ ಸಂದಿಗೂ ಸೋಪುನೀರು ಬಳಿದು ಗುಳ್ಳೆ ಏಳುತ್ತದೆಯೇ ನೋಡುವುದು ಇಂದಿಗೂ ಒಳ್ಳೆಯ ಪರೀಕ್ಷೆ. ಪಂಕ್ಚರ್ ಅಂಗಡಿಯವರ ವಿದ್ಯೆ.

ಇಷ್ಟೆಲ್ಲ ಮಾಡಿಯೂ ಮರುದಿನ ಬೆಳಗ್ಗೆ ಮನೆ ತುಸು ಕುಗ್ಗಿ ನಿಂತಿರಬಹುದು. ಒಡೆಯನಿಗೆ ಎದೆ ಧಸಕ್ಕೆನ್ನುತ್ತದೆ. ಸೋರಿಕೆಯೇ? ಇರಲೂಬಹುದು, ಇಲ್ಲದಿರಲೂಬಹುದು. ಹಗಲು 30 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಬೆಳಗಿನ ಜಾವ 5 ಡಿಗ್ರಿಗೆ ಇಳಿದಿದೆ ಎನ್ನಿ. ಕೆಲ್ವಿನ್ ಮಾನದಲ್ಲಿ 303ರಿಂದ 278. ಭಾರ ಬದಲಾಗಿಲ್ಲ, ಆದ್ದರಿಂದ ಒತ್ತಡವೂ ಬದಲಾಗಿಲ್ಲ. ಬದಲಾಗಬೇಕಾದದ್ದು ಗಾತ್ರ. ಚಾರ್ಲ್ಸ್ ನಿಯಮದಂತೆ ಗಾಳಿಯ ಗಾತ್ರ ಶೇಕಡಾ 8ರಷ್ಟು ಕುಗ್ಗಿದೆ, ಮನೆ ಕಣ್ಣಿಗೆ ಕಾಣುವಷ್ಟು ಇಳಿದಿದೆ. ಬಿಸಿಲೇರಿದರೆ ಮತ್ತೆ ಏಳುತ್ತದೆ. ಎರಡೂ ಬದಿ ಸಮನಾಗಿ ಇಳಿದಿದ್ದರೆ ಚಳಿಯನ್ನು ಸಂಶಯಿಸಿ, ಒಂದೇ ಬದಿ ಇಳಿದಿದ್ದರೆ ಸೋರಿಕೆಯನ್ನು.

ಇನ್ನು, ನಿಮ್ಮಲ್ಲಿ ಕೆಲವರು ಪಾಲಿಟೆಕ್ನಿಕ್ ಅಥವಾ ಐ.ಟಿ.ಐ. ಸೇರಿ ಬಸ್ಸು ಲಾರಿಗಳ ಅಡಿಯಲ್ಲಿ ಕೆಲಸ ಮಾಡುವವರಿದ್ದೀರಿ. ಅವರಿಗಾಗಿ ಈ ಮಾತು. ಗಾಳಿಯ ಮೇಲೆ ನಿಂತ ವಾಹನ ನೋಡಲು ಬಂಡೆಯಂತೆ ಸ್ಥಿರವಾಗಿರುತ್ತದೆ. ಆದರೆ ಒಂದು ಕೊಳವೆ ಕಳಚಿದರೆ, ಪಕ್ಕದವರು ತಿಳಿಯದೆ ಒಂದು ಕವಾಟ ತಿರುಗಿಸಿದರೆ, ಅದು ಕ್ಷಣದಲ್ಲಿ ಕುಸಿಯುತ್ತದೆ. ಜಿ.ಎಂ.ಸಿ.ಯಂತಹ ತಗ್ಗಿನ ನೆಲದ ವಾಹನದ ಕೆಳಗೆ ಕುಸಿದಾಗ ಮನುಷ್ಯನ ಎದೆಗೆ ಉಳಿಯುವ ಜಾಗವೇ ಇಲ್ಲ. ಜಾಕಿಯನ್ನೂ ನಂಬಬೇಡಿ. ಚಾಸಿಯ ಕೆಳಗೆ ಉಕ್ಕಿನ ಸ್ಟ್ಯಾಂಡು ಇಟ್ಟು, ವಾಹನದ ಭಾರವನ್ನು ಅದರ ಮೇಲೆ ಇಳಿಸಿದ ಮೇಲೆಯೇ ಒಳಗೆ ಹೋಗಬೇಕು. ಚೀಲ ಬಿಚ್ಚುವ ಮೊದಲು ಅದರ ಗಾಳಿಯನ್ನು ಪೂರ್ತಿ ಬಿಡಬೇಕು. ಬಿಚ್ಚಿದ ಚೀಲವನ್ನು ‘ಸರಿಯಿದೆಯೇ ನೋಡೋಣ’ ಎಂದು ನೆಲದ ಮೇಲಿಟ್ಟು ಗಾಳಿ ಹೊಡೆಯಬಾರದು. ಎರಡು ಕಡೆಯೂ ಹಿಡಿದು ನಿಲ್ಲಿಸುವ ಕೊಂಬುಗಳಿಲ್ಲದೆ ಅದು ಮಿತಿಮೀರಿ ಚಾಚಿ, ತುದಿಯ ಲೋಹದ ಬಿಲ್ಲೆ ಗುಂಡಿನಂತೆ ಸಿಡಿಯಬಹುದು. ಹಳೆಯ ಚೀಲದ ರಬ್ಬರಿನಲ್ಲಿ ಬಿರುಕಿನ ಗೆರೆಗಳು ಕಂಡು ಒಳಗಿನ ನೂಲು ಇಣುಕುತ್ತಿದ್ದರೆ ಪರೀಕ್ಷೆಯೇ ಬೇಡ, ಹೊಸದು ಹಾಕಬೇಕು. ಬಿರುಕು ಸಾಮಾನ್ಯವಾಗಿ ಮೊದಲು ಕಾಣಿಸುವುದು ರಬ್ಬರು ಮಡಿಚಿ ಬಿಚ್ಚುವ ಜಾಗದಲ್ಲಿ. ಚೀಲ ಕುಗ್ಗಿರುವಾಗ ಅದು ಮಡಿಕೆಯೊಳಗೆ ಅಡಗಿರುತ್ತದೆ. ಆದ್ದರಿಂದ ವಾಹನವನ್ನು ಪೂರ್ತಿ ಎತ್ತಿ, ಸ್ಟ್ಯಾಂಡು ಕೊಟ್ಟು, ಟಾರ್ಚು ಹಿಡಿದು ನೋಡಬೇಕು.